ಹಳೆಯ ರೇಸಿಂಗ್ ಮಾದರಿ ದೋಣಿಗೆ ಬ್ಯಾಟರಿ ಮೋಟರ್ ಕೂರಿಸುವುದು ಹೇಗೆ?

ಅಟ್ಟ ಸೇರಿರುವ ಹಳೆಯ ಮಾದರಿ ದೋಣಿಗಳಲ್ಲಿ ಮರ ಗಟ್ಟಿ, ಎಂಜಿನ್ನೂ ಗಟ್ಟಿ. ಇಂಧನದ್ದೇ ತಾಪತ್ರಯ. ಗ್ಲೋ ಎಂಜಿನ್‌ಗೆ (ಕಾದ ತಂತಿಯ ಪ್ಲಗ್‌ನಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್) ಬೇಕಾದ ಮೆಥನಾಲ್, ನೈಟ್ರೊಮೀಥೇನ್, ಔಡಲ ಎಣ್ಣೆಯ ಮಿಶ್ರಣವನ್ನು ಕಲಬುರಗಿಯಲ್ಲಿ ಹುಡುಕಿ ತರುವುದೇ ಒಂದು ಕೆಲಸ. ತಂದರೂ, ಸಂಜೆ ಶರಣಬಸವೇಶ್ವರ ಕೆರೆಯ ದಂಡೆಗೆ ತಿರುಗಾಡಲು ಬಂದವರು ಎಂಜಿನ್ನಿನ ಕಿರುಚಾಟವನ್ನು ಎಷ್ಟು ಹೊತ್ತು ತಾಳಿಯಾರು? ಬ್ಯಾಟರಿಯಲ್ಲಿ ಓಡುವ ಬ್ರಷ್‌ಲೆಸ್ ಮೋಟರ್ (ಒಳಗೆ ಉಜ್ಜುವ ಕಾರ್ಬನ್ ಬ್ರಷ್ ಇಲ್ಲದ್ದು) ಹಾಕಿದರೆ ಎರಡೂ ತೀರುತ್ತವೆ. ಕೊಳ್ಳುವಾಗ ಎಲ್ಲರೂ ಮೋಟರ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ದೋಣಿ ಕೈಕೊಡುವುದು ಮಾತ್ರ ಜಿಡ್ಡು, ಶಾಫ್ಟ್, ಪ್ರೊಪೆಲ್ಲರ್ ಈ ಮೂರರಲ್ಲಿ. ಇಲ್ಲಿನ ಲೆಕ್ಕಗಳು 70–75 ಸೆಂ.ಮೀ. ಉದ್ದದ, 3.5 ಸಿಸಿ ಎಂಜಿನ್ ಇದ್ದ ಪ್ಲೈವುಡ್ ದೋಣಿಗೆ ಸಲ್ಲುತ್ತವೆ.

ಮೊದಲು ಎಂಜಿನ್, ಫ್ಲೈವೀಲ್, ಟ್ಯಾಂಕ್, ಸೈಲೆನ್ಸರ್ ಬಿಚ್ಚಿ ಒಟ್ಟಿಗೆ ತೂಗಿ ಬರೆದಿಡಿ. ಬಿಚ್ಚುವ ಮೊದಲು ದೋಣಿಯನ್ನು ಎರಡು ಬೆರಳ ಮೇಲೆ ನಿಲ್ಲಿಸಿ, ಅದು ಸಮತೂಕಕ್ಕೆ ಬರುವ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿರಬೇಕು. ಎಂಜಿನ್ ಕೂತಿದ್ದ ಗಟ್ಟಿ ಮರದ ಪಟ್ಟಿಗಳನ್ನು ಕತ್ತರಿಸಬೇಡಿ. ಹಳೆಯ ಸ್ಕ್ರೂ ತೂತುಗಳಿಗೇ ಹೊಸ ಪ್ಲೇಟು ಬಿಗಿದರೆ ನಾಳೆ ಮನಸ್ಸಾದಾಗ ಎಂಜಿನ್ ವಾಪಸ್ ಕೂರುತ್ತದೆ.

ಇನ್ನು ಜಿಡ್ಡು. ವರ್ಷಗಟ್ಟಲೆ ಕುಡಿದ ಔಡಲ ಎಣ್ಣೆ ಮರದೊಳಗೆ ಕಂದು ಅಂಟಾಗಿ ನಿಂತಿರುತ್ತದೆ. ಅದರ ಮೇಲೆ ಹಚ್ಚಿದ ಎಪಾಕ್ಸಿ ಅಂಟು ಹಪ್ಪಳದಂತೆ ಏಳುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜುವವರೇ ಹೆಚ್ಚು. ಔಡಲ ಎಣ್ಣೆ ಅವುಗಳಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಪಿರಿಟ್‌ನಿಂದ ಒರೆಸಿ, ಆಮೇಲೆ ಅಸಿಟೋನ್ ಹಚ್ಚಿ ಪೂರ್ತಿ ಆರಲು ಬಿಡಿ. ಅದಾದ ಮೇಲಷ್ಟೇ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ. ಆವಿ ಇರುವಾಗಲೇ ಬಿಸಿ ಮಾಡಿದರೆ ಬೆಂಕಿ. ಮೇಲೆದ್ದ ಎಣ್ಣೆಯ ಮೇಲೆ ಟಾಲ್ಕಂ ಪುಡಿ ಉದುರಿಸಿ ಒಂದು ರಾತ್ರಿ ಬಿಡಿ. ಪುಡಿ ಹಳದಿಯಾಗುವುದು ನಿಲ್ಲುವ ತನಕ, ಮೂರು ನಾಲ್ಕು ಸಲ, ಇದೇ ಕೆಲಸ. ನಮ್ಮ ಕಡೆಯ ಒಣ ಬಿಸಿಲಿಗೆ ಬಾಯಿ ಬಿಟ್ಟ ಪ್ಲೈ ಕೀಲುಗಳಿಗೂ ಆಗಲೇ ತೆಳು ಎಪಾಕ್ಸಿ ಕುಡಿಸಿ.

ಬೇಕಾಗುವ ಸಾಮಾನು: 36 ಮಿ.ಮೀ. ವ್ಯಾಸ, 60 ಮಿ.ಮೀ. ಉದ್ದದ ಬ್ರಷ್‌ಲೆಸ್ ಮೋಟರ್ ಮತ್ತು ಅದರ ನೀರಿನ ಜಾಕೆಟ್, ನೀರಿನಿಂದ ತಣಿಯುವ, 80 ಆಂಪಿಯರ್‌ನ ದೋಣಿ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), 3ಎಸ್ (ಸಾಲಾಗಿ ಜೋಡಿಸಿದ ಮೂರು ಸೆಲ್, 11.1 ವೋಲ್ಟ್), 5,000 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 5 ಮಿ.ಮೀ.ನಿಂದ 4 ಮಿ.ಮೀ.ಗೆ ಇಳಿಯುವ ಕಪ್ಲಿಂಗ್ (ಮೋಟರನ್ನು ಶಾಫ್ಟ್‌ಗೆ ಜೋಡಿಸುವ ತುಂಡು), ಕರೆಂಟ್ ಅಳೆಯುವ ವ್ಯಾಟ್‌ಮೀಟರ್. ಇವನ್ನು ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕು. ಮೋಟರ್ ಮೇಲಿನ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 1,800 ಕೆವಿಯನ್ನು 11.1 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 20,000 ಸುತ್ತು. ಹಿತ್ತಾಳೆ ಕೊಳವೆಯೊಳಗಿನ ನೆಟ್ಟಗಿನ ಉಕ್ಕಿನ ಶಾಫ್ಟ್‌ಗೆ ಅಷ್ಟು ಸಾಕು. ವೇಗದ ಆಸೆಗೆ 2,600 ಕೆವಿ ತಂದರೆ 28,000 ದಾಟುತ್ತದೆ. ಶಾಫ್ಟ್ ಹಗ್ಗದಂತೆ ಕುಣಿದು, ತನ್ನನ್ನು ಹಿಡಿದಿರುವ ಲೋಹದ ಬಳೆಯನ್ನು (ಬುಷ್) ತಿನ್ನುತ್ತದೆ.

ಮೋಟರ್ ಕೂರಿಸುವುದಕ್ಕೆ 3 ಮಿ.ಮೀ. ಅಲ್ಯುಮಿನಿಯಂನ ಎಲ್ ಬ್ರ್ಯಾಕೆಟ್ ಬೇಕು. ಸ್ಕ್ರೂ ಮೋಟರ್ ಒಳಗೆ 4 ಮಿ.ಮೀ.ಗಿಂತ ಹೆಚ್ಚು ಹೋಗಬಾರದು, ಉದ್ದದ ಸ್ಕ್ರೂ ನೇರ ವೈಂಡಿಂಗ್‌ಗೆ ಚುಚ್ಚುತ್ತದೆ. ನೇರ ಹೊಂದಿಸುವ ಉಪಾಯ ಇದು: ಒಂದು ತುದಿ 5, ಇನ್ನೊಂದು ತುದಿ 4 ಮಿ.ಮೀ. ತೂತಿರುವ ಹಿತ್ತಾಳೆಯ ತುಂಡನ್ನು ಲೇತ್‌ನವರಿಂದ ಮಾಡಿಸಿ. ಮೋಟರ್ ಮತ್ತು ಶಾಫ್ಟ್ ಅದರೊಳಗೆ ಸೇರಿದಾಗ ಎರಡೂ ಒಂದೇ ಸರಳಾಗುತ್ತವೆ. ಕೈಯಲ್ಲಿ ತಿರುಗಿಸಿದರೆ ಎಲ್ಲೂ ಹಿಡಿಯಬಾರದು. ಆ ಸ್ಥಿತಿಯಲ್ಲೇ ಬ್ರ್ಯಾಕೆಟ್ ಕೆಳಗೆ ತಗಡಿನ ಚೂರು ಕೊಟ್ಟು ಬಿಗಿದು, ಆಮೇಲೆ ಹಿತ್ತಾಳೆ ತೆಗೆದು ಕಪ್ಲಿಂಗ್ ಹಾಕಿ. ಪ್ರೊಪೆಲ್ಲರ್ ದೋಣಿಯನ್ನು ಮುಂದೆ ತಳ್ಳುವಾಗ ಆ ಒತ್ತಡ ಕೊಳವೆಯ ಹಿಂದಿನ ಬುಷ್ ಮೇಲೆ ಬೀಳಬೇಕು. ಅಲ್ಲಿ ಒಂದು ವಾಷರ್, ಅರ್ಧ ಮಿ.ಮೀ. ಸಡಿಲು. ಇಲ್ಲದಿದ್ದರೆ ಮೋಟರ್‌ನ ಪುಟ್ಟ ಬೇರಿಂಗ್ ಎಲ್ಲವನ್ನೂ ಹೊರುತ್ತದೆ, ಹೆಚ್ಚು ದಿನ ಹೊರುವುದಿಲ್ಲ. ಕೊಳವೆಗೆ ನೀರಿಗೆ ಕರಗದ ಗ್ರೀಸ್ ತುಂಬಿ. ಬಂಡಿಯ ಕೀಲೆಣ್ಣೆ ತೀರ ಮಂದ.

ಪ್ರೊಪೆಲ್ಲರ್ 36 ಮಿ.ಮೀ.ನಿಂದ ಆರಂಭಿಸಿ. ಪೆಟ್ಟಿಗೆಯಲ್ಲಿರುವ ಹಳೆಯ 40ರದ್ದು ನಾಲ್ಕೇ ಮಿ.ಮೀ. ದೊಡ್ಡದು, ಏನಾದೀತು ಎನಿಸುತ್ತದೆ. ಸುತ್ತಿನ ವೇಗ ಅದೇ ಇದ್ದರೆ ಬೇಕಾಗುವ ಶಕ್ತಿ ವ್ಯಾಸದ ಐದನೇ ಘಾತಕ್ಕೆ ಏರುತ್ತದೆ, ಅಂದರೆ ಸುಮಾರು ಶೇ 70 ಹೆಚ್ಚು. ಎಂಜಿನ್ ಆದರೆ ಭಾರ ತಾಳದೆ ಉಸಿರು ಬಿಟ್ಟು ನಿಲ್ಲುತ್ತಿತ್ತು. ಮೋಟರ್ ನಿಲ್ಲುವುದಿಲ್ಲ, ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಲೇ ಹೋಗಿ ಇಎಸ್‌ಸಿ ಸುಡುತ್ತದೆ.

ಎಂಜಿನ್ ತಣಿಸಲು ಪ್ರೊಪೆಲ್ಲರ್ ಹಿಂದೆ ಇದ್ದ ನೀರಿನ ಕೊಳವೆಯನ್ನೇ ಬಳಸಿ. ನೀರು ಮೊದಲು ಇಎಸ್‌ಸಿಗೆ, ಆಮೇಲೆ ಮೋಟರ್‌ಗೆ, ಕೊನೆಗೆ ಪಕ್ಕದಿಂದ ಹೊರಗೆ; ಆ ಧಾರೆ ದಡದಲ್ಲಿ ನಿಂತವರಿಗೆ ಕಾಣುವಂತಿರಲಿ. ಎರೆಮಣ್ಣಿನ ಸೀಮೆಯ ಕೆರೆಯಲ್ಲಿ ಮಳೆ ಬಿದ್ದ ಮೇಲೆ ನೀರಿಗಿಂತ ರಾಡಿಯೇ ಜಾಸ್ತಿ. ಪ್ರತಿ ಓಟದ ನಂತರ 20 ಎಂಎಲ್ ಸಿರಿಂಜ್‌ನಿಂದ ಹೊರಬಾಯಿಯ ಕಡೆಯಿಂದ ಶುದ್ಧ ನೀರು ಹಿಮ್ಮುಖವಾಗಿ ಒತ್ತಿ.

ವೈರಿಂಗ್‌ನಲ್ಲಿ ಎರಡು ಮಾತು. ಬ್ಯಾಟರಿ ದೂರವಾಯಿತೆಂದು ಬ್ಯಾಟರಿ ಕಡೆಯ ವೈರ್ ಉದ್ದ ಮಾಡಬೇಡಿ, ಇಎಸ್‌ಸಿಯ ಕೆಪಾಸಿಟರ್ ಬಿಸಿಯಾಗಿ ಸಾಯುತ್ತದೆ. ಮೋಟರ್ ಕಡೆಯ ಮೂರು ವೈರ್ ಉದ್ದ ಮಾಡಿ. 25 ವ್ಯಾಟ್ ಕಾವಿಯಲ್ಲಿ (ಸೋಲ್ಡರಿಂಗ್ ಐರನ್) 4 ಮಿ.ಮೀ. ಬುಲೆಟ್ ಕನೆಕ್ಟರ್‌ಗೆ ಬೆಸುಗೆ ಹಿಡಿಯದು. ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ ದೊಡ್ಡ ಕಾವಿ ಇರುತ್ತದೆ, ಅಲ್ಲೇ ಮಾಡಿಸಿ. ಮೋಟರ್ ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ರಿಮೋಟ್ ಸಂಕೇತ ಹಿಡಿಯುವ ರಿಸೀವರ್‌ನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲಿರಲಿ.

ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಪೆನ್ಸಿಲ್ ಗುರುತಿಗೆ ಸಮತೂಕ ತಂದು ವೆಲ್ಕ್ರೊ ಪಟ್ಟಿಯಿಂದ ಕಟ್ಟಿ. ಖಾಲಿ ಜಾಗಕ್ಕೆಲ್ಲ ಫೋಮ್ ತುಂಬಿ. ಒಂದು ಲೀಟರ್ ಗಾತ್ರದ ಫೋಮ್ ಮುಳುಗಿದಾಗ ಸುಮಾರು ಒಂದು ಕಿಲೊ ಭಾರ ಎತ್ತುತ್ತದೆ. ಥರ್ಮೋಕೋಲ್ ಅಸಿಟೋನ್ ತಾಗಿದರೆ ಕರಗುತ್ತದೆ, ಪಾಲಿಥಿನ್ ಫೋಮ್ ಒಳ್ಳೆಯದು.

ಮೊದಲ ಪರೀಕ್ಷೆ ನೀರಿನ ಟಬ್‌ನಲ್ಲಿ, ಎರಡು ಮೂರು ಸೆಕೆಂಡ್ ಮಾತ್ರ. ನಿಂತ ದೋಣಿ ಓಡುವ ದೋಣಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ವ್ಯಾಟ್‌ಮೀಟರ್ 60 ಆಂಪಿಯರ್ ದಾಟಿದರೆ ಸಣ್ಣ ಪ್ರೊಪೆಲ್ಲರ್ ಹಾಕಿ. ಕೆರೆಗೆ ಇಳಿಸುವ ಮೊದಲು ನೋಡಿಕೊಳ್ಳುವವರ ಅನುಮತಿ ಕೇಳಿ, ಜೊಂಡು ಇರುವ ಕಡೆ ಹೋಗಬೇಡಿ. ಸುರಪುರದ ಬಳಿಯ ಬೋನಾಳ ಪಕ್ಷಿಧಾಮದಂಥ ಕಡೆ ಬೇಡವೇ ಬೇಡ. ಒಂದು ನಿಮಿಷ ಓಡಿಸಿ, ದಡಕ್ಕೆ ತಂದು ಮುಟ್ಟಿ ನೋಡಿ. ಮೋಟರ್ ಮೇಲೆ ಬೆರಳು ಐದು ಸೆಕೆಂಡ್ ನಿಲ್ಲದಿದ್ದರೆ ಎಲ್ಲೋ ತಪ್ಪಿದೆ. ಬ್ಯಾಟರಿಯ ಶೇ 80ರಷ್ಟು, ಅಂದರೆ 4,000 ಎಂಎಎಚ್ ಬಳಸಿದರೆ ಸರಾಸರಿ 40 ಆಂಪಿಯರ್‌ಗೆ 6 ನಿಮಿಷದ ಓಟ. ಟೈಮರ್ 5ಕ್ಕೆ ಇಡಿ. ನಡುನೀರಲ್ಲಿ ನಿಂತರೆ ಈಜಬೇಡಿ. ಗಾಳದ ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ ದೋಣಿಯ ಆಚೆಗೆ ಎಸೆದು ಎಳೆಯಬಹುದು.

ಬ್ಯಾಟರಿಯನ್ನು ಏಪ್ರಿಲ್–ಮೇ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿ. ಓಟ ಮುಗಿದ ಕೂಡಲೇ ಚಾರ್ಜ್ ಬೇಡ, ಪೂರ್ತಿ ತಣಿಯಲಿ. ಆಮೇಲೆ 5 ಆಂಪಿಯರ್‌ನಲ್ಲಿ ಬ್ಯಾಲೆನ್ಸ್ ಚಾರ್ಜ್ (ಎಲ್ಲ ಸೆಲ್‌ಗಳೂ ಸಮನಾಗಿ ತುಂಬುವಂತೆ), ಮಣ್ಣಿನ ಗಡಿಗೆಯೊಳಗಿಟ್ಟು, ಬಾಯಿ ಬಿಗಿಯದೆ, ಕಣ್ಣೆದುರಿಗೆ. ವಾರಗಟ್ಟಲೆ ಎತ್ತಿಡುವುದಾದರೆ ಪ್ರತಿ ಸೆಲ್ 3.8 ವೋಲ್ಟ್‌ನಲ್ಲಿರಲಿ. ದೋಣಿಯ ಮುಚ್ಚಳವನ್ನು ಆ ರಾತ್ರಿ ತೆರೆದೇ ಇಡಿ. ಒಳಗೆ ಉಳಿದ ತೇವಕ್ಕೆ ಮೊದಲು ಹಸಿರುಗಟ್ಟುವುದು ಕನೆಕ್ಟರ್‌ಗಳೇ.