ಮೀನಿನ ತೊಟ್ಟಿಯ ಪಂಪ್ ಗುಂಯ್‌ಗುಡುತ್ತಿದೆಯಾ?

ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವ ಕ್ಯಾಬಿನೆಟ್‌ ಬಾಗಿಲಿಗೆ ಅಂಗೈ ಒತ್ತಿ ನೋಡಿ. ಕೈಗೆ ಜುಮ್ ಅನ್ನಿಸಿತಾ? ಸದ್ದು ತಗ್ಗಿತಾ? ಹಾಗಾದರೆ ಪಂಪ್ ಕೆಟ್ಟಿಲ್ಲದಿರಬಹುದು. ತಂಬೂರಿಯ ತಂತಿ ಮೀಟಿದರೆ ಬುರುಡೆ ಆ ಸದ್ದನ್ನು ದೊಡ್ಡದು ಮಾಡುತ್ತದಲ್ಲ, ಇಲ್ಲಿ ಆ ಕೆಲಸ ಕ್ಯಾಬಿನೆಟ್‌ನದು. ಹೊಸ ಪಂಪ್ ತರುವ ಮೊದಲು ಹಳೆಯದು ಯಾವುದಕ್ಕೆ ತಾಗಿಕೊಂಡಿದೆ ಅಂತ ಹುಡುಕಿ.

ಮೊದಲು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಅಲೆ ಎಬ್ಬಿಸುವ ಪಂಪ್, ನೀರು ಮೇಲೇರಿಸುವ ಪಂಪ್, ಇವನ್ನು ಒಂದೊಂದಾಗಿ ಆಫ್ ಮಾಡಿ ಕಿವಿಗೊಡಿ. ಯಾವುದು ನಿಂತಾಗ ಸದ್ದು ನಿಲ್ಲುತ್ತದೋ ಅದೇ ಮೂಲ. ಹೆಚ್ಚಾಗಿ ಅದು ನೀರೇರಿಸುವ ಪಂಪೇ ಆಗಿರುತ್ತದೆ.

ಈಗ ಎಲ್ಲದರ ಪ್ಲಗ್ ಕಿತ್ತುಬಿಡಿ. ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಆಫ್ ಮಾಡಿದರಷ್ಟೇ ಸಾಲದು. ಆಮೇಲೆ ಕ್ಯಾಬಿನೆಟ್‌ ಒಳಗೆ ಪಂಪ್ ಕೂತಿರುವ ಕೆಳತೊಟ್ಟಿಗೆ (ಸಂಪ್) ಕೈ ಹಾಕಿ, ಪಂಪ್‌ನ ಸುತ್ತ ಬೆರಳಾಡಿಸಿ. ಗಾಜಿನ ಗೋಡೆಗೂ ಪಂಪಿಗೂ ನಡುವೆ ಬೆರಳು ತೂರಬೇಕು. ನಮ್ಮನೆ ತೊಟ್ಟಿ ವಾರವಿಡೀ ಟರ್ರ್ ಅನ್ನುತ್ತಿತ್ತು. ನೋಡಿದರೆ ಪಂಪ್‌ನದೇ ವೈರ್ ಅದರ ಮೈಗೂ ಗಾಜಿಗೂ ನಡುವೆ ಸಿಕ್ಕಿಕೊಂಡಿತ್ತು. ಪಕ್ಕಕ್ಕೆ ಸರಿಸಿದೆ, ಅಷ್ಟೇ.

ಪಂಪ್‌ನ ಅಡಿಗೆ ಕೇಕ್ ಬೇಯಿಸಲು ಬಳಸುವ ಸಿಲಿಕೋನ್ ಹಾಸಿನ ತುಂಡೊಂದನ್ನು ಮಡಿಸಿ ಇಡಿ. ಮಾಮೂಲಿ ಸ್ಪಂಜು ಬೇಡ, ಅದರಲ್ಲಿ ಕೊಳೆ ಕೂರುತ್ತದೆ. ಗಟ್ಟಿ ಪಿವಿಸಿ ಪೈಪ್ ಪಂಪಿಗೆ ನೇರವಾಗಿ ಸೇರಿದ್ದರೆ, ನಡುವೆ ಒಂದಡಿ ಮೆತ್ತನೆಯ ಸಿಲಿಕೋನ್ ಟ್ಯೂಬ್ ಹಾಕಿಸಿ. ನಡುಕ ಮೇಲಿನ ಗಾಜಿಗೆ ಏರುವುದು ಈ ಪೈಪ್ ಹಿಡಿದೇ. ಕ್ಲಿಪ್‌ಗಳು ಪ್ಲಾಸ್ಟಿಕ್‌ನವೇ ಇರಲಿ. ಲೋಹ ತುಕ್ಕು ಹಿಡಿಯುತ್ತದೆ, ತಾಮ್ರವಂತೂ ಹವಳ, ಸಿಗಡಿಗಳಿಗೆ ವಿಷ.

ಕಟಕಟ ಸದ್ದಾದರೆ ಪಂಪ್ ಬಿಚ್ಚಲೇಬೇಕು. ಮುಂದಿನ ಮುಚ್ಚಳ ತಿರುಗಿಸಿ ಇಂಪೆಲ್ಲರ್, ಅಂದರೆ ನೀರು ತಳ್ಳುವ ಪುಟ್ಟ ಚಕ್ರ, ಹೊರಗೆಳೆಯಿರಿ. ಅಯಸ್ಕಾಂತ ಎಳೆದು ಹಿಡಿದಿರುತ್ತದೆ, ನಿಧಾನವಾಗಿ ಎಳೆಯಿರಿ. ನಡುವಿನ ಸೆರಾಮಿಕ್ ಕಡ್ಡಿ ತೆಳ್ಳಗೆ, ಪಟ್ಟನೆ ಮುರಿಯುತ್ತದೆ. ಗೀಸರ್ ಕಾಯಿಲ್‌ಗೆ ಕಟ್ಟುವ ಹಾಗೆ ಬಿಳೀ ಸುಣ್ಣ ಕಟ್ಟಿರುತ್ತದೆ ನೋಡಿ. ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಒಂದು ಗಂಟೆ ನೆನೆಸಿ. ಸುಣ್ಣದಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಇಂಪೆಲ್ಲರ್ ಕೂರುವ ತೂತಿನ ಒಳಗೂ ಉಜ್ಜಿ, ಚೆನ್ನಾಗಿ ತೊಳೆಯಿರಿ. ಸೋಪು ಮುಟ್ಟಿಸಲೇಬೇಡಿ. ಕಡ್ಡಿ ಸವೆದಿದ್ದರೆ ಅದನ್ನಷ್ಟೇ ಬದಲಿಸಿದರೆ ಸಾಕು.

ಸೊರ್ ಸೊರ್ ಅಂತ ಹೀರುವ ಸದ್ದೇ ಬೇರೆ. ನೀರು ಆವಿಯಾಗಿ ಕೆಳತೊಟ್ಟಿಯ ಮಟ್ಟ ಇಳಿದಿದೆ, ಪಂಪ್ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಆರ್‌ಓ ನೀರನ್ನೇ ತುಂಬಿಸಿ. ಉಪ್ಪು ಆವಿಯಾಗುವುದಿಲ್ಲ, ಅಲ್ವಾ? ಉಪ್ಪುನೀರು ಹಾಕಿದರೆ ಉಪ್ಪಿನಂಶ ಜಾಸ್ತಿಯಾಗಿ ಮೀನುಗಳಿಗೆ ತೊಂದರೆ.

ಇಷ್ಟಾದ ಮೇಲೂ ಸಣ್ಣ ಗುಂಯ್ ಉಳಿದರೆ ಗಾಬರಿ ಬೇಡ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್‌ನದು. ಎಸಿ ಪಂಪ್‌ನ ಕಾಯಿಲ್ ಅದರಿಂದ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಅದೂ ಬೇಡವೆಂದರೆ ಡಿಸಿ ಪಂಪ್ ನೋಡಬಹುದು. ಆದರೆ ಕ್ಯಾಬಿನೆಟ್‌ಗೆ ಥರ್ಮೋಕೋಲ್ ತುಂಬಿ ಸದ್ದು ಮುಚ್ಚಲು ಹೋಗಬೇಡಿ. ಪಂಪ್‌ನ ಬಿಸಿ ಒಳಗೇ ನಿಂತು, ನೀರು ಕಾಯುತ್ತದೆ.