ಸಜ್ಜಾ ಕೆಳಗಿನ ಕಡಜದ ಗೂಡು: ಯಾವುದನ್ನು ನೀವೇ ತೆಗೆಯಬಹುದು, ಯಾವುದಕ್ಕೆ ಕೈ ಹಾಕಬಾರದು

ಗೂಡು ಕಣ್ಣಿಗೆ ಬಿದ್ದ ತಕ್ಷಣ ಪೊರಕೆ ಹುಡುಕಬೇಡಿ. ಹದಿನೈದು ಅಡಿ ದೂರ ನಿಂತು ಮೊಬೈಲಿನಲ್ಲಿ ಜೂಮ್ ಮಾಡಿ ಒಂದೆರಡು ಫೋಟೊ ತೆಗೆದು, ಒಳಗೆ ಕೂತು ನಿಧಾನವಾಗಿ ನೋಡಿ. ಅದು ಯಾವ ಹುಳುವಿನ ಗೂಡು ಎಂಬುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ. ಸೋಪಿನ ನೀರಲ್ಲಿ ಅರ್ಧ ಗಂಟೆಗೆ ಮುಗಿಯುವ ಗೂಡೂ ಇದೆ, ಅದೇ ಸೋಪಿನ ನೀರು ಹಿಡಿದು ಹೋದರೆ ಆಸ್ಪತ್ರೆ ಸೇರಿಸುವ ಗೂಡೂ ಇದೆ.

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕಾಗದದಂಥ ಬೂದು ಬಣ್ಣದ, ಮೇಲೆ ಹೊದಿಕೆಯಿಲ್ಲದ ಸಣ್ಣ ಗೂಡು. ಸಜ್ಜಾದ ತಳ, ಕಿಟಕಿಯ ಚೌಕಟ್ಟು, ಗೇಟಿನ ಪೈಪು, ಟೆರೇಸಿನ ಬಾಗಿಲ ಹಿಂದೆ, ಹೆಂಚಿನ ಮನೆಯಾದರೆ ಪಕಾಸು-ರೀಪುಗಳ ಸಂದಿ ಇದಕ್ಕೆ ಇಷ್ಟದ ಜಾಗ. ಒಂದು ತೊಟ್ಟಿನಿಂದ ಜೋತುಬಿದ್ದಿರುತ್ತದೆ. ಕೆಳಗಿನಿಂದ ನೋಡಿದರೆ ಆರು ಮೂಲೆಯ ಕೋಣೆಗಳು, ಅವುಗಳಲ್ಲಿ ಬಿಳಿ ಮರಿಹುಳುಗಳು ಬರಿಗಣ್ಣಿಗೇ ಕಾಣುತ್ತವೆ. ಕಡಜ ಒಣ ಮರವನ್ನು ಕೆರೆದು, ಆ ನಾರನ್ನು ಜೊಲ್ಲಿನಲ್ಲಿ ಕಲಸಿ ಈ ಕಾಗದ ಮಾಡುತ್ತದೆ. ಕಣಜ ಎಂದು ಕರೆಯುವವರೂ ಇದನ್ನೇ ಹೇಳುತ್ತಾರೆ. ಒಂದು ಗೂಡಿನಲ್ಲಿ ಹತ್ತಾರು ಹುಳುಗಳಿರುತ್ತವೆ, ದೊಡ್ಡದಾದರೆ ನೂರರ ಆಸುಪಾಸು. ಇದನ್ನು ನೀವೇ ತೆಗೆಯಬಹುದು.

ಎರಡನೆಯದು ಕುಂಬಾರ ಹುಳುವಿನ ಮಣ್ಣಿನ ಗೂಡು. ಗೋಡೆಗೆ ಮೆತ್ತಿದ ಮಣ್ಣಿನ ಉಂಡೆ ಅಥವಾ ಕೊಳವೆ ಕಂಡರೆ ಹೆದರಬೇಕಿಲ್ಲ. ಇವು ಒಂಟಿ ಜೀವಿಗಳು, ಗೂಡು ಕಾಯುವ ದಂಡು ಇರುವುದಿಲ್ಲ, ಕೈಯಲ್ಲಿ ಹಿಡಿದು ಹಿಸುಕಿದರೆ ಹೊರತು ಕಚ್ಚುವುದು ಅಪರೂಪ. ಒಳಗೆ ಮರಿಗೆಂದು ಜಡಗೊಳಿಸಿಟ್ಟ ಜೇಡವೋ ಕಂಬಳಿಹುಳುವೋ ಇರುತ್ತದೆ. ಬೇಡವೆಂದರೆ ಹಗಲಲ್ಲೇ ಕೆರೆದು ತೆಗೆಯಿರಿ.

ಮೂರನೆಯದೇ ಅಪಾಯದ್ದು: ದೊಡ್ಡ ಕಡಜ. ಕಪ್ಪು-ಕಂದು ಮೈ, ಹೊಟ್ಟೆಯ ಸುತ್ತ ಅಗಲವಾದ ಹಳದಿ ಪಟ್ಟಿ, ಒಂದಂಗುಲದಷ್ಟು ಉದ್ದ. ಗೂಡು ಪೂರ್ತಿ ಮುಚ್ಚಿಕೊಂಡಿರುತ್ತದೆ. ಹೊರಮೈಯಲ್ಲಿ ಕಂದು-ಬಿಳಿ ಅಲೆಗಳು, ಒಳಹೋಗಲು ಒಂದೇ ತೂತು. ತೆಂಗಿನಕಾಯಿ ಗಾತ್ರದಲ್ಲಿ ಶುರುವಾಗಿ ದೊಡ್ಡ ಕುಂಬಳಕಾಯಿಯನ್ನೂ ಮೀರಿ ಬೆಳೆಯುತ್ತದೆ. ಇನ್ನೊಂದು ಜಾತಿ ಮರದ ಪೊಟರೆ, ಮಣ್ಣಿನ ಬಿಲ, ಗೋಡೆಯ ಟೊಳ್ಳಿನಲ್ಲಿ ಗೂಡು ಕಟ್ಟುವುದರಿಂದ ಗೂಡೇ ಕಾಣುವುದಿಲ್ಲ, ಒಂದೇ ತೂತಿಗೆ ಹುಳುಗಳು ಸಾಲಾಗಿ ಹೋಗಿಬರುವುದಷ್ಟೇ ಕಾಣುತ್ತದೆ. ಎರಡಕ್ಕೂ ನೀವಾಗಿ ಕೈ ಹಾಕಬೇಡಿ.

ಜೇನನ್ನು ಕಡಜವೆಂದು ತಪ್ಪು ತಿಳಿಯುವವರೂ ಇದ್ದಾರೆ. ಹೆಜ್ಜೇನಿನದು ಒಂದೇ ದೊಡ್ಡ ಅರೆವೃತ್ತದ ಹಲ್ಲೆ, ಅದರ ತುಂಬ ಹುಳುಗಳು ಪದರಪದರವಾಗಿ ಮುತ್ತಿಕೊಂಡಿರುತ್ತವೆ, ಕಾಗದದ ಹೊದಿಕೆ ಇರುವುದಿಲ್ಲ. ಹೆಜ್ಜೇನಿಗಾಗಲಿ ತುಡುವೆಗಾಗಲಿ ಔಷಧಿ ಹೊಡೆಯಬೇಡಿ, ಜೇನು ಇಳಿಸಿ ರೂಢಿಯಿರುವವರನ್ನು ಕರೆಯಿರಿ. ತುಡುವೆಯನ್ನಾದರೆ ಜೇನು ಸಾಕುವವರು ಪೆಟ್ಟಿಗೆಗೆ ತುಂಬಿಸಿಕೊಂಡು ಹೋಗುತ್ತಾರೆ.

ತೆಗೆಯಲೇಬೇಕೆ?

ಎರಡನೇ ಮಹಡಿಯ ಸಜ್ಜಾದಲ್ಲಿ, ಯಾರೂ ಓಡಾಡದ ಕಡೆ ಇರುವ ಸಣ್ಣ ಗೂಡನ್ನು ಬಿಟ್ಟುಬಿಡುವುದೇ ವಾಸಿ. ಈ ಕಡಜಗಳು ತಮ್ಮ ಮರಿಗಳಿಗೆ ಕಂಬಳಿಹುಳುಗಳನ್ನು ಹಿಡಿದು ತಿನ್ನಿಸುತ್ತವೆ, ಬದನೆ-ಟೊಮೆಟೊ ಬೆಳೆದವರಿಗೆ ಅದೊಂದು ಪುಕ್ಕಟೆ ಸಹಾಯ. ಆದರೆ ಬಾಗಿಲು, ಬಟ್ಟೆ ಒಣಹಾಕುವ ತಂತಿ, ನೀರಿನ ಟ್ಯಾಂಕಿನ ಮುಚ್ಚಳ, ಮಕ್ಕಳು ಆಡುವ ಜಾಗ ಹತ್ತಡಿಯೊಳಗಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಹಿಂದೆ ಹುಳು ಕಚ್ಚಿ ಮೈಯೆಲ್ಲ ದದ್ದು ಎದ್ದಿದ್ದರೆ ತೆಗೆಯಬೇಕು. ಅಂಥ ಅಲರ್ಜಿ ಇರುವವರು ಮಾತ್ರ ಈ ಕೆಲಸಕ್ಕೆ ಇಳಿಯಲೇಬಾರದು.

"ಚಳಿಗಾಲ ಬಂದರೆ ತಾವೇ ಸಾಯುತ್ತವೆ, ಅಲ್ಲಿಯವರೆಗೆ ಕಾಯಿರಿ" ಎಂಬ ಸಲಹೆ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಅದು ಹಿಮ ಬೀಳುವ ದೇಶಗಳ ಮಾತು. ನಮ್ಮ ಹವೆಯಲ್ಲಿ ಈ ಸಣ್ಣ ಕಡಜದ ಗೂಡು ವರ್ಷವಿಡೀ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ತಂಡ ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇಂಥದೇ ಕಡಜವನ್ನು, ರೊಪಲಿಡಿಯಾ ಮಾರ್ಜಿನೇಟಾ ಎಂದು ಅದರ ಹೆಸರು. ಅವರು ಕಂಡುಕೊಂಡ ಒಂದು ಸಂಗತಿ ನಮ್ಮ ಕೆಲಸಕ್ಕೂ ಬರುತ್ತದೆ. ರಾಣಿ ಇಲ್ಲವಾದರೆ ಇರುವ ಹೆಣ್ಣುಗಳಲ್ಲೇ ಒಂದು ಕೂಡಲೇ ಜೋರು ಮಾಡಲು ತೊಡಗಿ, ಕೆಲವೇ ದಿನಗಳಲ್ಲಿ ತಾನೇ ಮೊಟ್ಟೆಯಿಡುವ ರಾಣಿಯಾಗುತ್ತದೆ. ಅಂದರೆ ನಾಲ್ಕು ಹುಳು ಹೊಡೆದು "ರಾಣಿ ಸತ್ತಿರಬೇಕು, ಇನ್ನು ಬರಲ್ಲ" ಎಂದು ಸುಮ್ಮನಾದರೆ ಪ್ರಯೋಜನವಿಲ್ಲ. ಗೂಡು ಪೂರ್ತಿ ಹೋಗಬೇಕು.

ಸೋಪಿನ ನೀರು, ಅದರ ಅಳತೆ

ಒಂದು ಲೀಟರ್ ನೀರಿಗೆ 30 ಮಿಲಿ, ಅಂದರೆ ಎರಡು ದೊಡ್ಡ ಚಮಚ, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಕಡಜ ಉಸಿರಾಡುವುದು ಮೈ ಪಕ್ಕದ ಸಣ್ಣ ಸಣ್ಣ ರಂಧ್ರಗಳಿಂದ. ಬರೀ ನೀರು ಅದರ ಮೇಣದಂಥ ಚರ್ಮದ ಮೇಲೆ ಹನಿಯಾಗಿ ಜಾರಿಹೋಗುತ್ತದೆ. ಸೋಪು ಸೇರಿದ ನೀರು ಹರಡಿ ಆ ರಂಧ್ರಗಳೊಳಗೆ ಇಳಿಯುತ್ತದೆ, ರೆಕ್ಕೆ ಒದ್ದೆಯಾಗಿ ಹಾರಲೂ ಆಗುವುದಿಲ್ಲ. ಚೆನ್ನಾಗಿ ತೊಯ್ದ ಹುಳು ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಮೊದಲು ಪಂಪಿಗೆ ನೀರು ತುಂಬಿ, ಆಮೇಲೆ ಲಿಕ್ವಿಡ್ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಉಲ್ಟಾ ಮಾಡಿದರೆ ಪಂಪಿನ ತುಂಬ ನೊರೆಯೇ ಆಗುತ್ತದೆ. ಬಟ್ಟೆ ಸೋಪಿನ ಪುಡಿ ಪೂರ್ತಿ ಕರಗದೆ ನಾಜಲ್ ಕಟ್ಟಿಕೊಳ್ಳುತ್ತದೆ, ಬೇರೆ ದಾರಿಯಿಲ್ಲದಿದ್ದರೆ ಬಟ್ಟೆಯಲ್ಲಿ ಸೋಸಿ ಬಳಸಿ.

ಪಂಪು ಅಂದರೆ ಗಿಡಗಳಿಗೆ ಔಷಧಿ ಹೊಡೆಯುವ, ಮೇಲಿನಿಂದ ಒತ್ತಿ ಗಾಳಿ ತುಂಬುವ ಎರಡು ಲೀಟರಿನದು. ನಾಜಲ್ ತಿರುಗಿಸಿ ಮಂಜಿನಂಥ ಸಿಂಚನವನ್ನು ನೇರ ಧಾರೆಗೆ ತನ್ನಿ. ಹಗಲಲ್ಲೇ ಬೇರೊಂದು ಗೋಡೆಗೆ ಹೊಡೆದು ಧಾರೆ ಎಷ್ಟು ದೂರ ಹೋಗುತ್ತದೆ ಎಂದು ನೋಡಿಟ್ಟುಕೊಳ್ಳಿ. ಏಳೆಂಟು ಅಡಿಯಾದರೂ ಸಿಗಬೇಕು. ಕೂದಲಿಗೆ ನೀರು ಚಿಮುಕಿಸುವ ಬಾಟಲಿ ಇದಕ್ಕೆ ಆಗದು: ಎರಡಡಿ ಹತ್ತಿರ ಹೋಗಬೇಕಾಗುತ್ತದೆ, ಹುಳು ತೋಯುವ ಬದಲು ಬರೀ ರೇಗುತ್ತದೆ.

ಸೊಳ್ಳೆ-ನೊಣಕ್ಕೆ ಹೊಡೆಯುವ ಸ್ಪ್ರೇ ಡಬ್ಬಿಯೂ ಕೆಲಸ ಮಾಡುತ್ತದೆ. ಆದರೆ ಅದರ ಧಾರೆ ದೂರ ಹೋಗದು, ಔಷಧಿ ತಗುಲಿದ ಮೇಲೂ ಹುಳು ಕೆಲವು ಸೆಕೆಂಡು ಹಾರಾಡುತ್ತದೆ, ಮೇಲಾಗಿ ಅದು ಹೊತ್ತಿಕೊಳ್ಳುವ ವಸ್ತು. ಒಲೆ, ದೀಪ, ಊದುಬತ್ತಿ ಇರುವ ಕಡೆ ಬೇಡ. ಅಡುಗೆಮನೆಯ ಕಿಟಕಿಗೂ, ಮೀನಿನ ತೊಟ್ಟಿಯ ಹತ್ತಿರಕ್ಕೂ ಬೇಡ. ಅದರಲ್ಲಿನ ಔಷಧಿ ಮೀನಿಗೆ ಘೋರ ವಿಷ.

ಕತ್ತಲಾದ ಮೇಲೆ

ಸೂರ್ಯ ಮುಳುಗಿ ಒಂದು ಗಂಟೆಯಾದರೂ ಕಳೆಯಲಿ. ಏಳೂವರೆ ಎಂಟರ ಹೊತ್ತಿಗೆ ಹೊರಗೆ ಹೋದವೆಲ್ಲ ಗೂಡಿಗೆ ಮರಳಿರುತ್ತವೆ, ತಣ್ಣಗಾದ ಮೈಯಲ್ಲಿ ಚುರುಕು ಕಡಿಮೆ. ಹಗಲಲ್ಲಿ ಹೊಡೆದರೆ ಅರ್ಧ ಹುಳುಗಳು ಹೊರಗೇ ಉಳಿದು, ಬಂದು ನಿಮ್ಮ ಬೆನ್ನಿಗೆ ಬೀಳುತ್ತವೆ. ಒಂದು ಹುಳು ಕಚ್ಚಿದರೆ ಅದರ ವಿಷದ ವಾಸನೆಗೇ ಉಳಿದವೂ ಕೆರಳುತ್ತವೆ, ಹಗಲಲ್ಲಿ ಕೈ ಹಾಕಿದವರು ಒಂದೇ ಕಡಿತಕ್ಕೆ ಪಾರಾಗುವುದು ಕಡಿಮೆ.

ವರಾಂಡದ ದೀಪ ಮೊದಲೇ ಆರಿಸಿ. ಟಾರ್ಚಿನ ಬಾಯಿಗೆ ಉಡುಗೊರೆಗೆ ಸುತ್ತುವ ಕೆಂಪು ಗಾಜುಕಾಗದವನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಕಡಜಕ್ಕೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಟಾರ್ಚನ್ನು ಕೈಯಲ್ಲಿ ಹಿಡಿಯಬೇಡಿ, ತಲೆಗೂ ಕಟ್ಟಿಕೊಳ್ಳಬೇಡಿ; ನಿಮ್ಮಿಂದ ನಾಲ್ಕಡಿ ಪಕ್ಕಕ್ಕೆ ಸ್ಟೂಲಿನ ಮೇಲಿಟ್ಟು ಗೂಡಿನ ಕಡೆ ತಿರುಗಿಸಿ. ಕೆದಕಿದ ಹುಳು ಬೆಳಕಿನ ಮೂಲದ ಕಡೆಗೇ ನುಗ್ಗುತ್ತದೆ, ಅಲ್ಲಿ ನೀವಿರಬಾರದು ಅಷ್ಟೆ.

ಬಟ್ಟೆಯ ವಿಷಯದಲ್ಲಿ ಸೋಮಾರಿತನ ಬೇಡ. ಜೀನ್ಸ್ ಪ್ಯಾಂಟು, ಅದರ ಕಾಲನ್ನು ಸಾಕ್ಸಿನ ಒಳಗೆ ತುರುಕಿ ಶೂ. ಮೇಲೆ ತುಂಬುತೋಳಿನ ಅಂಗಿ, ಅದರ ಮೇಲೆ ರೇನ್‌ಕೋಟು. ಕೈಗೆ ರಬ್ಬರ್ ಗ್ಲೌಸ್, ಮಣಿಕಟ್ಟಿಗೆ ಟೇಪು ಸುತ್ತಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿ ಗಾಜು ಇಳಿಸಿ, ಕುತ್ತಿಗೆಯ ಸಂದಿಗೆ ಟವೆಲ್ ಸುತ್ತಿ. ಹುಳು ಹೆಲ್ಮೆಟ್ಟಿನೊಳಗೆ ಹೋದರೆ ಹೊರಗಿದ್ದದ್ದಕ್ಕಿಂತ ಕಷ್ಟ, ಆ ಟವೆಲ್ಲೇ ಮುಖ್ಯ. ಲುಂಗಿ, ಸೀರೆ, ನೈಟಿ ಯಾವುದೂ ನಡೆಯದು. ಮಕ್ಕಳು ಮತ್ತು ನಾಯಿ ಒಳಗಿರಲಿ, ಕಿಟಕಿಗಳು ಮುಚ್ಚಿರಲಿ. ಹಿಂದಕ್ಕೆ ಓಡುವ ದಾರಿಯಲ್ಲಿ ಚಪ್ಪಲಿ, ಬಕೆಟ್, ಹೂಕುಂಡ ಇರಬಾರದು. ಫೋನ್ ಹಿಡಿದು ಇನ್ನೊಬ್ಬರು ಬಾಗಿಲ ಒಳಗೆ ನಿಂತಿರಲಿ.

ನೆಲದಲ್ಲೇ ನಿಲ್ಲಿ. ಏಣಿ ಹತ್ತಿ ಹೊಡೆಯಬೇಕಾದಷ್ಟು ಎತ್ತರವಿದ್ದರೆ ಅದು ನಿಮ್ಮ ಕೆಲಸವಲ್ಲ. ಕಡಿತಕ್ಕೆ ಬೆಚ್ಚಿ ಹತ್ತಡಿಯಿಂದ ಬೀಳುವುದು ಕಡಿತಕ್ಕಿಂತ ದೊಡ್ಡ ಅನಾಹುತ. ಗೂಡಿನ ನೇರ ಕೆಳಗೂ ನಿಲ್ಲಬೇಡಿ, ಆರೇಳು ಅಡಿ ಓರೆಯಾಗಿ ನಿಂತು ಪಂಪಿಗೆ ಪೂರ್ತಿ ಗಾಳಿ ತುಂಬಿ. ಮೊದಲ ಧಾರೆ ಹುಳುಗಳು ಗುಂಪಾಗಿ ಕೂತ ಜಾಗಕ್ಕೇ ಬೀಳಬೇಕು, ಅಲ್ಲಿಂದ ಕೋಣೆಗಳಿಗೆ, ಆಮೇಲೆ ತೊಟ್ಟಿಗೆ ಮತ್ತು ಗೂಡಿನ ಬೆನ್ನಿಗೆ. ಕೆಳಗಿನ ಮುಖ ಮಾತ್ರ ತೋಯಿಸಿ ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು: ಬೆನ್ನಿನ ಮೇಲೆ ಅಡಗಿದ ಹತ್ತು ಹನ್ನೆರಡು ಹುಳು ಒಣಗಿಯೇ ಉಳಿದು, ಬೆಳಗ್ಗೆ ಅಲ್ಲೇ ಕೂತಿರುತ್ತವೆ. ಅರ್ಧ ನಿಮಿಷ ನಿಲ್ಲಿಸದೆ ಹೊಡೆದು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಬಂದು ಇನ್ನೊಂದು ಸುತ್ತು. ನಡುವೆ ಹುಳು ಹೆಲ್ಮೆಟ್ಟಿಗೆ ಬಡಿದರೆ ಕೈ ಬೀಸಬೇಡಿ, ಪಂಪು ಅಲ್ಲೇ ಇಟ್ಟು ಒಳಗೆ ನಡೆಯಿರಿ.

ಬಾಯಿ ಅಗಲವಾದ ಡಬ್ಬಿಯಿಂದ ಗೂಡನ್ನು ಮುಚ್ಚಿ, ಅಂಚಿನಲ್ಲಿ ರಟ್ಟು ತೂರಿಸಿ ಕತ್ತರಿಸಿಕೊಳ್ಳುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ನುಣುಪಾದ ಗಾಜಿಗೋ ಹಲಗೆಗೋ ಅಂಟಿದ ಗೂಡಿಗೆ ಅದು ಸರಿ. ಸಜ್ಜಾದ ಒರಟು ಗಾರೆಯಲ್ಲಿ ಡಬ್ಬಿಯ ಅಂಚು ಕೂರುವುದಿಲ್ಲ, ಹುಳು ಹೊರಬರಲು ಅಷ್ಟೇ ಸಂದಿ ಸಾಕು.

ಪಂಜು ಹಚ್ಚಿ ಸುಡುವುದು, ಸೀಮೆಎಣ್ಣೆ ಅಥವಾ ಪೆಟ್ರೋಲ್ ಎರಚುವುದು ಬೇಡವೇ ಬೇಡ. ಹೆಂಚಿನ ಕೆಳಗಿನ ಒಣಮರ, ಅಡಿಕೆ ಸೋಗೆ, ಕೊಟ್ಟಿಗೆಯ ಹುಲ್ಲು ಹತ್ತಿಕೊಳ್ಳಲು ಒಂದು ಕಿಡಿ ಸಾಕು. ಕಲ್ಲು ಹೊಡೆಯುವುದು, ಪೈಪಿನಲ್ಲಿ ನೀರು ಬಿಡುವುದು ಗೂಡನ್ನು ಒಡೆಯುತ್ತವೆಯೇ ಹೊರತು ಹುಳುಗಳನ್ನು ಕೊಲ್ಲುವುದಿಲ್ಲ.

ಮರುದಿನ ಬೆಳಗ್ಗೆ

ದೂರದಿಂದ ನೋಡಿ, ಓಡಾಟವಿಲ್ಲ ಎಂದು ಖಾತ್ರಿಯಾದ ಮೇಲೆ ಉದ್ದ ಕೋಲಿಗೆ ಪುಟ್ಟಿ ಹಚ್ಚುವ ಪಟ್ಟಿ ಕಟ್ಟಿ ತೊಟ್ಟನ್ನು ಬುಡದಿಂದ ಕೆರೆಯಿರಿ. ಗೂಡನ್ನು ಸೋಪಿನ ನೀರಿನ ಬಕೆಟ್ಟಿನಲ್ಲಿ ಒಂದು ಗಂಟೆ ಮುಳುಗಿಸಿಡಿ, ಮುಚ್ಚಿದ ಕೋಣೆಗಳಲ್ಲಿ ಪೊರೆಹುಳುಗಳು ಬದುಕಿರಬಹುದು. ಸತ್ತ ಹುಳುವಿನ ಕೊಂಡಿಯೂ ಚುಚ್ಚುತ್ತದೆ, ಬರಿಗೈಯಲ್ಲಿ ಹೆಕ್ಕಬೇಡಿ, ಬರಿಗಾಲಲ್ಲಿ ಓಡಾಡಬೇಡಿ, ಮೊರದಲ್ಲಿ ಗುಡಿಸಿ ತೆಗೆಯಿರಿ.

ಗೂಡಿದ್ದ ಜಾಗದಲ್ಲಿ ಎರಡು ಮೂರು ದಿನ ನಾಲ್ಕಾರು ಹುಳುಗಳು ಬಂದು ಕೂರುತ್ತವೆ. ತಪ್ಪಿಸಿಕೊಂಡು ಉಳಿದವು ಅವು, ಅಲ್ಲೇ ಮತ್ತೆ ಕಟ್ಟಬಹುದು. ಸಂಜೆ ಮತ್ತೊಮ್ಮೆ ಅವಕ್ಕೂ ಸೋಪಿನ ನೀರು. ಆಮೇಲೆ ತೊಟ್ಟಿನ ಕಪ್ಪು ಕಲೆ ಇರುವ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ ತೊಳೆದು ಒಂದು ಕೈ ಪೇಂಟ್ ಹಚ್ಚಿ. ಇರುವೆ ಬರದಂತೆ ಕಡಜ ಈ ತೊಟ್ಟಿಗೆ ತನ್ನದೇ ಸ್ರಾವ ಬಳಿದಿರುತ್ತದೆ, ಅದನ್ನು ಹಾಗೇ ಬಿಡದಿರುವುದು ಒಳ್ಳೆಯದು.

ದೊಡ್ಡ ಕಡಜವಾದರೆ

ನಗರದಲ್ಲಾದರೆ ಪೆಸ್ಟ್ ಕಂಟ್ರೋಲಿನವರನ್ನು ಕರೆಯಿರಿ, ಫೋಟೊ ಕಳಿಸಿ "ಕಡಜದ ಗೂಡು ತೆಗೆದು ರೂಢಿ ಇದೆಯಾ, ಮೈಮುಚ್ಚುವ ಸೂಟ್ ಇದೆಯಾ" ಎಂದು ಮೊದಲೇ ಕೇಳಿ. ಊರ ಕಡೆಯಾದರೆ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ವಿಚಾರಿಸಿ. ಅವರು ಬರುವವರೆಗೆ ಗೂಡಿನ ಸುತ್ತ ಮೂವತ್ತು ಅಡಿ ಯಾರೂ ಹೋಗದಂತೆ ನೋಡಿಕೊಳ್ಳಿ, ಅಕ್ಕಪಕ್ಕದಲ್ಲಿ ಕಳೆ ಕತ್ತರಿಸುವ ಯಂತ್ರ ಓಡಿಸಬೇಡಿ, ಆ ಮರದ ಕಾಯಿ ಕೀಳಿಸಬೇಡಿ. ಗೋಡೆಯ ತೂತಿನಲ್ಲಿದ್ದರೆ ಸಿಮೆಂಟ್ ಹಾಕಿ ಮುಚ್ಚಬೇಡಿ. ಬೇರೆ ದಾರಿ ಕಾಣದ ಹುಳುಗಳು ಮರ, ಜಿಪ್ಸಮ್ ಕೊರೆದುಕೊಂಡು ಕೋಣೆಯೊಳಗೆ ಬಂದುಬಿಡುತ್ತವೆ. ಕರೆಂಟಿನ ಮೀಟರ್ ಪೆಟ್ಟಿಗೆಯಲ್ಲಿ ಗೂಡಿದ್ದರೆ, ಸಣ್ಣದೇ ಆಗಲಿ, ನೀರು ಹಾಕುವಂತಿಲ್ಲ. ಲೈನ್‌ಮನ್ ಬಂದು ಸಂಪರ್ಕ ತಪ್ಪಿಸಿದ ಮೇಲೆಯೇ ಮುಂದಿನ ಮಾತು.

ಕಚ್ಚಿದರೆ

ಕಡಜ ಜೇನಿನಂತೆ ಕೊಂಡಿ ಬಿಟ್ಟುಹೋಗುವುದಿಲ್ಲ, ಹಾಗಾಗಿ ಒಂದೇ ಹುಳು ಹಲವು ಸಲ ಚುಚ್ಚಬಹುದು. ಮೊದಲು ಆ ಜಾಗದಿಂದ ದೂರ ಹೋಗಿ. ಉಂಗುರ, ಬಳೆ ತೆಗೆಯಿರಿ, ಊದಿದ ಮೇಲೆ ತೆಗೆಯಲಾಗದು. ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ತುರಿಕೆಗೆ ದೊಡ್ಡವರು ಸಿಟ್ರಿಜಿನ್ 10 ಮಿಗ್ರಾಂ ಒಂದು ಮಾತ್ರೆ ತೆಗೆದುಕೊಳ್ಳಬಹುದು. ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ, ವಿಷ ಇಳಿಯುವುದಿಲ್ಲ.

ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ದದ್ದು, ತುಟಿ-ನಾಲಿಗೆ ಊತ, ಉಸಿರಾಟಕ್ಕೆ ಕಷ್ಟ, ತಲೆ ಸುತ್ತಿ ಬೀಳುವಂತಾಗುವುದು, ವಾಂತಿ, ಇವುಗಳಲ್ಲಿ ಯಾವುದೇ ಕಂಡರೂ ಮನೆಮದ್ದಿಗೆ ಸಮಯವಿಲ್ಲ. 108ಕ್ಕೆ ಕರೆ ಮಾಡಿ. ಅಲ್ಲಿ ಬೇಕಾಗುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಸಿಟ್ರಿಜಿನ್ ಅದರ ಬದಲಿಯಲ್ಲ. ಬಾಯಿ ಅಥವಾ ಗಂಟಲೊಳಗೆ ಕಚ್ಚಿದರೂ ಹೊರಡಬೇಕು. ಹತ್ತಕ್ಕಿಂತ ಹೆಚ್ಚು ಕಡಿತಗಳಾಗಿದ್ದರೆ, ಅದರಲ್ಲೂ ದೊಡ್ಡ ಕಡಜದ್ದಾದರೆ, ಆರಾಮವಾಗಿದ್ದೇನೆ ಅನಿಸಿದರೂ ಆಸ್ಪತ್ರೆಗೆ ಹೋಗಿ. ವಿಷ ಸ್ನಾಯುಗಳನ್ನು ಹಾಳುಮಾಡಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಒಂದೆರಡು ದಿನ ತಡವಾಗಿ ತಿಳಿಯಬಹುದು. ಮೂತ್ರ ಕಡಿಮೆಯಾಗುವುದು, ಕಡು ಕಂದು ಬಣ್ಣಕ್ಕೆ ತಿರುಗುವುದು ಅದರ ಗುರುತು.

ಮತ್ತೆ ಕಟ್ಟದಂತೆ

ಹೊಸ ಗೂಡು ಒಂದೋ ಎರಡೋ ಹೆಣ್ಣು ಹುಳುಗಳಿಂದ, ನಾಲ್ಕೈದು ಕೋಣೆಗಳಿಂದ ಶುರುವಾಗುತ್ತದೆ. ಮೊಟ್ಟೆ ರೆಕ್ಕೆಯ ಹುಳುವಾಗಲು ಒಂದೂವರೆ ಎರಡು ತಿಂಗಳು ಬೇಕು, ಹಾಗಾಗಿ ನಿಮಗೆ ಬೇಕಾದಷ್ಟು ವಾಯಿದೆ ಇದೆ. ಹದಿನೈದು ದಿನಕ್ಕೊಮ್ಮೆ ಸಜ್ಜಾಗಳ ತಳಕ್ಕೆ ಜೇಡರ ಬಲೆ ತೆಗೆಯುವ ಕೋಲು ಆಡಿಸಿದರೆ ಮುಗಿಯಿತು, ರೂಪಾಯಿ ನಾಣ್ಯದಷ್ಟು ಗೂಡಿಗೆ ರೇನ್‌ಕೋಟು ಬೇಕಿಲ್ಲ. ಬಣ್ಣ ಹೋದ ಮರದ ಗೇಟು, ಕಿಟಕಿಗೆ ವಾರ್ನಿಷ್ ಕೊಡಿಸಿ, ನಾರು ಕೆರೆಯಲು ಅಲ್ಲಿಗೇ ಬರುತ್ತವೆ. ವೆಂಟಿಲೇಟರಿಗೆ ಸೊಳ್ಳೆಪರದೆಯ ಜಾಲರಿ, ಗೇಟಿನ ಟೊಳ್ಳು ಪೈಪಿನ ಬಾಯಿಗೆ ಪ್ಲಾಸ್ಟಿಕ್ ಬಿರಡೆ ಹಾಕಿಸಿ. ಎಸಿಯ ನೀರು ಹೋಗುವ ಪೈಪಿನ ತುದಿಗೂ ಒಂದು ತುಂಡು ಜಾಲರಿ ಕಟ್ಟಿ. ಕುಂಬಾರ ಹುಳು ಅದಕ್ಕೆ ಮಣ್ಣು ಮೆತ್ತಿದರೆ ನೀರು ವಾಪಸ್ ಬಂದು ಗೋಡೆ ನೆನೆಯುತ್ತದೆ.