ಮನೆಯಲ್ಲೇ ವೀಣೆ ರೆಕಾರ್ಡಿಂಗ್: ಇಪ್ಪತ್ತು ರೂಪಾಯಿ ಪೀಜೋ ಮಾಡಿದ ಕೆಲಸ

ಮೈಸೂರಿನ ಸರಸ್ವತಿಪುರಂನಲ್ಲಿ, ಅದೂ ರಸ್ತೆಗೇ ಕಿಟಕಿ ಇರುವ ರೂಮಿನಲ್ಲಿ ವೀಣೆ ರೆಕಾರ್ಡ್ ಮಾಡುತ್ತೇನೆ ಅಂದಾಗ "ಸ್ಟುಡಿಯೋಗೇ ಹೋಗಿ, ಮನೆಯಲ್ಲಿ ಇದೆಲ್ಲ ಆಗಲ್ಲ" ಅಂದವರೇ ಹೆಚ್ಚು. ಹಾಡಾದರೆ ಹೇಗೋ ಆಗುತ್ತೆ, ಮೈಕು ಬಾಯಿಗೆ ಹತ್ತಿರ ಇದ್ದರೆ ಸಾಕು. ವೀಣೆಯದು ಹಾಗಲ್ಲ. ಒಂದು ಮೀಟು ಹಾಕಿ ಗಮಕ ಎಳೆದರೆ ನಾದ ನಾಲ್ಕೈದು ಸೆಕೆಂಡ್ ಸಣ್ಣಗಾಗುತ್ತಾ ಹೋಗುತ್ತೆ. ಆ ತುದಿಯಲ್ಲೇ ಫ್ರಿಜ್ಜು, ಸ್ಕೂಟರು, ಕೋಗಿಲೆ ಎಲ್ಲ ಕೇಳಿಸತೊಡಗುತ್ತವೆ. ಮೊದಲು ನನ್ನ ಟ್ರ್ಯಾಕಿನ ಹಿನ್ನೆಲೆ ಗದ್ದಲ ಮೈನಸ್ 45 ಡಿಬಿಯಿಂದ (ಡೆಸಿಬೆಲ್, ಸದ್ದಿನ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಗದ್ದಲ ಕಡಿಮೆ) ಕೆಳಗಿಳಿಯುತ್ತಿರಲಿಲ್ಲ. ಈಗ ಮೈನಸ್ 65ರ ಆಸುಪಾಸಿದೆ. ಅದರಲ್ಲಿ ಪೀಜೋದ್ದೂ ಪಾಲಿದೆ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತೆಳು ಬಿಲ್ಲೆ ಅದು. ಸ್ಟುಡಿಯೋದಲ್ಲೇ ಮಾಡಿಸಿದ್ದು ಅಂದುಕೊಂಡವರೂ ಇದ್ದಾರೆ.

ಮೊದಲು ದುಡ್ಡು ದಂಡವಾದ ಲೆಕ್ಕ. ಫೋಮ್ ಹಾಳೆಗೆ ಸುಮಾರು ಆರು ಸಾವಿರ ಹೋಯಿತು. ಗೋಡೆಗೆಲ್ಲ ಅಂಟಿಸಿದರೆ ರೂಮಿನ ಮಾರ್ದನಿ ಇಳಿಯಿತು, ಹೊರಗಿನ ಸದ್ದು ಚೂರೂ ಇಳಿಯಲಿಲ್ಲ. ಸದ್ದು ತಡೆಯೋದಕ್ಕೆ ತೂಕ ಬೇಕು, ಸಂದಿ ಮುಚ್ಚಬೇಕು. ಫೋಮಿಗೆ ತೂಕವೇ ಇಲ್ಲ. ಮೊಟ್ಟೆ ಟ್ರೇ ಇನ್ನೂ ದಂಡ. ಕೊನೆಗೆ ಕೆಲಸಕ್ಕೆ ಬಂದಿದ್ದು ಕಿಟಕಿ ಅಳತೆಗೆ ಕೊಯ್ಸಿದ 18 ಮಿ.ಮೀ. ಪ್ಲೈವುಡ್ಡು. ಅಂಚಿಗೆ ಸುತ್ತ ರಬ್ಬರ್ ಬೀಡಿಂಗ್, ಒಳಮೈಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಅದರ ಮೇಲೆ ದಪ್ಪ ಕಾಟನ್ ಬಟ್ಟೆ. ಬಡಗಿ ಕೂಲಿ ಸೇರಿ ನಾಲ್ಕೂವರೆ ಸಾವಿರದೊಳಗೆ ಮುಗಿಯಿತು. ಆದರೆ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಬಿಟ್ಟರೂ ಇದೆಲ್ಲ ವ್ಯರ್ಥ. ಅಲ್ಲಿಗೊಂದು ಕಂಬಳಿ ಸುರುಳಿ ಸುತ್ತಿ ಒತ್ತಿ.

ಕರೆಂಟಿನ ಹಮ್, ಅಂದರೆ ಗುಂಯ್ ಅನ್ನೋ ಸದ್ದು, ಬೇರೆಯೇ ರೋಗ. 50, 100, 150 ಹರ್ಟ್ಜ್‌ನಲ್ಲಿ ಕೂತಿರುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ನನ್ನಲ್ಲಿ ಮುಕ್ಕಾಲು ಪಾಲು ಹೋಯಿತು. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾರೇ ಹೇಳಿದರೂ ತೆಗೆಯಬೇಡಿ, ಶಾಕ್ ಹೊಡೆಯುತ್ತೆ. ಉಳಿದಿದ್ದಕ್ಕೆ ನಾಚ್ ಫಿಲ್ಟರ್ (ಒಂದೇ ಆವರ್ತನದ ಸುತ್ತಲಿನ ಸದ್ದನ್ನಷ್ಟೇ ಕತ್ತರಿಸುವುದು) ಹಾಕುವಾಗ ಶ್ರುತಿ ನೋಡಿಕೊಳ್ಳಿ. ಎರಡೂವರೆ ಮನೆ ಶ್ರುತಿಯಲ್ಲಿ (ಕೀಬೋರ್ಡಿನ ಡಿ ಶಾರ್ಪ್) ಸಾರಣಿ ಅಂದರೆ ಮೊದಲ ತಂತಿಯ ಷಡ್ಜ 155 ಹರ್ಟ್ಜ್ ಹತ್ತಿರ ಇರುತ್ತೆ, ಎಲ್ಲಕ್ಕಿಂತ ದಪ್ಪ ತಂತಿಯಾದ ಅನುಮಂದ್ರದ ಪಂಚಮ 58ರ ಹತ್ತಿರ. 150ರ ನಾಚ್ ಅಗಲವಾದರೆ ಪಕ್ಕದ ಷಡ್ಜವನ್ನೇ ತಿಂದುಹಾಕುತ್ತೆ. ನಾಚ್ ಎಷ್ಟು ಸಣ್ಣಗಿದೆ ಅನ್ನೋ ಅಳತೆ ಕ್ಯೂ, ಅದು 30ಕ್ಕಿಂತ ಮೇಲಿರಲಿ. ಗಾಯನಕ್ಕೆ ಹಾಕುವ 80ರ ಲೋ-ಕಟ್ (80 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವುದು) ವೀಣೆಗೆ ಬೇಡವೇ ಬೇಡ, 40 ಸಾಕು.

ಈಗ ಪೀಜೋ ವಿಷಯ. 35 ಮಿ.ಮೀ. ಡಿಸ್ಕು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ. ಕುದುರೆ (ತಂತಿಗಳನ್ನು ಹೊರುವ ಸೇತುವೆ) ಪಕ್ಕ ಮೇಲ್ಹಲಗೆಗೆ ಅಂಟಿಸಿ ಅದರದೇ ಸದ್ದು ಕೇಳಿದರೆ ತಗಡು ಬಡಿದ ಹಾಗಿರುತ್ತೆ. ಆ ಸದ್ದು ನಮಗೆ ಬೇಕಾಗಿಯೇ ಇಲ್ಲ. ಮರದ ಕಂಪನವನ್ನಷ್ಟೇ ಹಿಡಿಯುವುದರಿಂದ ಕೋಗಿಲೆ ಕೂಗು ಅದಕ್ಕೆ ಹೆಚ್ಚು ಕಡಿಮೆ ಕೇಳಿಸೋದೇ ಇಲ್ಲ, ಅದೇ ಮುಖ್ಯ. ಮೈಕಿನ ಟ್ರ್ಯಾಕಿಗೆ ಗೇಟ್ (ಸದ್ದನ್ನು ಬೇಕಾದಾಗ ಬಿಟ್ಟು ಬೇಡದಾಗ ತಗ್ಗಿಸುವ ಸಾಫ್ಟ್‌ವೇರ್ ಬಾಗಿಲು) ಹಾಕಿ, ಆ ಗೇಟಿನ ಕೀಲಿಯನ್ನು ಪೀಜೋ ಕೈಗೆ ಕೊಟ್ಟೆ. ಮೀಟಿದರೆ ಮಾತ್ರ ತೆರೆಯುತ್ತೆ, ಹಕ್ಕಿ ಕೂಗಿದರೆ ತೆರೆಯಲ್ಲ.

ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಮೈಕ್ ಟ್ರ್ಯಾಕನ್ನು ನಾಲ್ಕು ಚಾನೆಲ್ ಮಾಡಿ, ಪೀಜೋವನ್ನು 3-4ಕ್ಕೆ ಸೆಂಡ್ ಮಾಡಿ, ಪೀಜೋ ಟ್ರ್ಯಾಕಿನ ಮಾಸ್ಟರ್ ಸೆಂಡ್ ಆಫ್. ರೀಪರ್‌ನದೇ ಗೇಟ್ ಆದ ರೀಗೇಟ್‌ನಲ್ಲಿ ಡಿಟೆಕ್ಟರ್ ಇನ್‌ಪುಟ್ ಆಕ್ಸಿಲರಿ. ಪ್ರೀ-ಓಪನ್ (ಮುಂಚೆಯೇ ತೆರೆಯುವುದು) 5 ಮಿಲಿಸೆಕೆಂಡ್, ಹೋಲ್ಡ್ (ತೆರೆದೇ ಇರುವುದು) 300, ರಿಲೀಸ್ (ನಿಧಾನ ಮುಚ್ಚುವುದು) 1500ರ ಸುತ್ತ. ಪೂರ್ತಿ ಮುಚ್ಚಿಸಬೇಡಿ, ಬಾವಿಗೆ ಬಿದ್ದಂಥ ಮೌನ ಬರುತ್ತೆ. ಡ್ರೈ (ಗೇಟು ಹಾಯದ ಸದ್ದು) ಮೈನಸ್ 12ರಲ್ಲಿ ಇಡಿ. ವೀಣೆಯ ಕೊಡ ಟೊಳ್ಳಲ್ಲವೇ, ಬಸ್ಸಿನ ಹಾರ್ನಿಗೆ ಅದೂ ಸ್ವಲ್ಪ ಅದುರುತ್ತೆ, ಪೀಜೋ ಅದನ್ನೂ ಹಿಡಿಯುತ್ತೆ. ಥ್ರೆಶೋಲ್ಡ್ (ಗೇಟು ತೆರೆಯುವ ಮಟ್ಟ) ಅದಕ್ಕಿಂತ ಒಂದೆರಡು ಡಿಬಿ ಮೇಲಿರಲಿ.

ಮೊದಲ ಎರಡು ಪೀಜೋ ಹಾಳಾದವು. ಬರಿಯ ವೈರ್ ಬೆಸುಗೆ ಹಾಕಿದ್ದಕ್ಕೆ ಹಮ್ಮೋ ಹಮ್ಮು. ಗೇಟು ಮುಚ್ಚಲೇ ಇಲ್ಲ. ಶೀಲ್ಡೆಡ್ ಕೇಬಲ್ ಬೇಕು: ಹಿತ್ತಾಳೆ ಬದಿ ಶೀಲ್ಡಿಗೆ, ನಡುವಿನ ಬಿಳಿ ಬದಿ ಒಳತಂತಿಗೆ. ಬಿಳಿ ಬದಿಗೆ ಇನ್ಸುಲೇಶನ್ ಟೇಪ್, ಅದರ ಮೇಲೆ ತಾಮ್ರದ ಟೇಪ್ ಸುತ್ತಿ ಶೀಲ್ಡಿಗೆ ಸೇರಿಸಿ. ಬೆಸುಗೆ ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಬಿಳಿ ಪದರ ಎದ್ದುಬರುತ್ತೆ. ಕಂಪ್ಯೂಟರಿಗೆ ಸದ್ದು ಕೊಡುವ ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಸ್ವಿಚ್ ಒತ್ತಲೇಬೇಕು, ಇಲ್ಲದಿದ್ದರೆ ಮಂದ್ರವೇ ಬರಲ್ಲ. ಅಂಟಿಸಲು ಟೇಪ್ ಬೇಡ, ಪಾಲಿಶ್ ಕಿತ್ತುಬರುತ್ತೆ. ವೀಣೆಯ ಮೆಟ್ಟಿಲು (ಫ್ರೆಟ್) ಕೂರಿಸಲು ಹಾಕುವ ಮೇಣದ್ದೇ ಒಂದು ಗುಂಡು, ಹುಣಸೆ ಬೀಜದಷ್ಟು, ಬೆರಳಲ್ಲಿ ಬಿಸಿ ಮಾಡಿ ಒತ್ತಿದರೆ ಸಾಕು.

ಇಷ್ಟಾದರೂ ನುಡಿಸುತ್ತಿರುವಾಗಲೇ ಕೋಗಿಲೆ ಕೂಗಿದರೆ ಏನೂ ಮಾಡಲಾಗದು, ಅದರ ದನಿ ವೀಣೆಯ ನಾದದಲ್ಲೇ ಬೆರೆತಿರುತ್ತೆ. ಮತ್ತೆ ನುಡಿಸಬೇಕು. ಜೀರುಂಡೆಯದು ಸುಲಭ. ನಮ್ಮ ಹಿತ್ತಲಿನದು ನಾಲ್ಕೂವರೆ ಸಾವಿರ ಹರ್ಟ್ಜ್ ಹತ್ತಿರ ಒಂದೇ ಗೆರೆಯಾಗಿ ಕಾಣುತ್ತಿತ್ತು. ಒಂದು ಸಣ್ಣ ನಾಚ್ ಹಾಕಿದೆ, ಹೋಯಿತು.

ಕಡೆಗೆ ತಂಬೂರಿ. ಅದನ್ನು ಹೆಡ್‌ಫೋನಿನಲ್ಲೇ ಕೇಳಿ, ಮೈಕಿಗೆ ಬೀಳಬಾರದು. ಆಡಾಸಿಟಿ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್‌ಗೆ (ಗದ್ದಲ ತಗ್ಗಿಸುವ ಸೌಲಭ್ಯ) ತಂಬೂರಿ ಸೇರಿದ ತುಣುಕನ್ನು ಮಾದರಿ ಕೊಟ್ಟರೆ ಅದು ಷಡ್ಜ-ಪಂಚಮವನ್ನೇ ಗದ್ದಲ ಅಂತ ತಿಳಿದು ಅಳಿಸುತ್ತೆ. ನನ್ನ ಮೊದಲ ಮೂರು ಕೃತಿ ಹಾಳಾಗಿದ್ದು ಹೀಗೇ. ಖಾಲಿ ರೂಮಿನ ಇಪ್ಪತ್ತು ಸೆಕೆಂಡ್ ಮಾದರಿ ಕೊಡಿ. ಒಂದೇ ಸಲ 24 ಡಿಬಿ ಕೇಳಿದರೆ ನೀರೊಳಗಿನ ಗುಳುಗುಳು ಬರುತ್ತೆ, 6 ಡಿಬಿಯಂತೆ ಎರಡು ಸಲ ಮಾಡಿ. ಎಲ್ಲ ತೊಳೆದಾದ ಮೇಲೆ ತಂಬೂರಿ ಸೇರಿಸಿದರೆ ಉಳಿದ ಚೂರುಪಾರು ಗದ್ದಲವೂ ಅದರಡಿ ಮುಚ್ಚಿಹೋಗುತ್ತೆ. ಆ ತಂಬೂರಿ ಟ್ರ್ಯಾಕ್ ಲೂಪ್ ಅಂತ ಗೊತ್ತಾಗದ ಹಾಗೆ ಹೇಗೆ ಜೋಡಿಸುತ್ತೇನೆ ಅನ್ನೋದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.